ಹಣಮಂತನ ಹೆಸರಿನ ಗುಳಗಿಗಳು

ಈಗಷ್ಟೇ ಕೆಲಸಕ್ಕೆ ಸೇರಿದ ನರ್ಸ್ ತಂಗಿಯರು ನನ್ನನ್ನು ಕಂಡಾಗ ಕೇಳುವುದು ಒಂದೇ ಮಾತು: "ಬಾಯಾರ, ಅಷ್ಟು ವರ್ಷ ತಲಿ ಕೆಟ್ಟವರ ಜೋಡಿ ಕೆಲಸ ಮಾಡೀರಿ, ಅಂಜಿಕಿ ಬರಲಿಲ್ಲೇನ್ರಿ?" ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಅಂಜಿಕೆ ರೋಗಿಗಳದ್ದಲ್ಲ, ನಮ್ಮ ಜೀಪಿನ ಬ್ರೇಕಿನದು.

ಜಿಲ್ಲೆಯ ಮಾನಸಿಕ ಆರೋಗ್ಯದ ತಂಡದಲ್ಲಿ ನಾನು ನರ್ಸ್ ಆಗಿದ್ದೆ. ವಾರಕ್ಕೊಂದು ದಿನ ಆಳಂದ, ಒಂದು ದಿನ ಅಫಜಲಪುರ, ಒಂದು ದಿನ ಜೇವರ್ಗಿ. ಆಯಾ ತಾಲ್ಲೂಕು ದವಾಖಾನೆಯವರು ನಮಗೊಂದು ಕೋಣೆ ಕೊಡುತ್ತಿದ್ದರು. ಒಂದು ಕಡೆ ಅದು ಮುರಿದ ಮಂಚಗಳ ಕೋಣೆ, ಇನ್ನೊಂದು ಕಡೆ ಹೆಣ ಕೊಯ್ಯುವ ಕೋಣೆಯ ಪಕ್ಕದ್ದು. ಮನಸ್ಸು ಮೊದಲೇ ಕುಗ್ಗಿದವರಿಗೆ ಎಂಥ ಸ್ವಾಗತ ನೋಡಿ. ತಂಡ ಎಂದರೆ ಮೂರೇ ಮಂದಿ: ಡಾಕ್ಟರ್ ಸಾಹೇಬರು, ನಾನು, ಜೀಪಿನ ಡ್ರೈವರ್ ಖಾಜಾಭಾಯಿ. ಬಡ್ತಿಯ ಕಥೆ ಹೇಳುವುದಿಲ್ಲ. ಅದು ಸಿಕ್ಕಿದ್ದು ನಿವೃತ್ತಿಗೆ ಸ್ವಲ್ಪ ಮೊದಲು, ಹೊಸ ಕುರ್ಚಿ ಬೆಚ್ಚಗಾಗುವಷ್ಟರಲ್ಲಿ ಎದ್ದು ಬಂದೆ.

ಜೀಪಿನ ಎರಡೂ ಬದಿಗೆ "ಮಾನಸಿಕ ಆರೋಗ್ಯ" ಎಂದು ಗಜಗಾತ್ರದ ಅಕ್ಷರ. ಆಳಂದದಲ್ಲಿ ಮೊದಲ ದಿನ ಎಲ್ಲರಿಗೂ ಕಾಣಲಿ ಎಂದು ದವಾಖಾನೆಯ ಗೇಟಿನಲ್ಲೇ ನಿಲ್ಲಿಸಿದೆವು. ಎಲ್ಲರಿಗೂ ಕಂಡಿತು, ಅದಕ್ಕೇ ಒಬ್ಬರೂ ಬರಲಿಲ್ಲ. ಮಧ್ಯಾಹ್ನ ಒಬ್ಬ ಮುದುಕ ಮೆಲ್ಲಗೆ ಬಂದು, "ಯಾರ್ನ ಹಿಡಕೊಂಡು ಹೋಗಾಕ ಬಂದೀರಿ?" ಎಂದು ವಿಚಾರಿಸಿ, ನಾವು ಯಾರನ್ನೂ ಹಿಡಿಯುವುದಿಲ್ಲ ಎಂದಾಗ ನಿರಾಶೆಯಿಂದ ಹೋದ. ಮುಂದಿನ ವಾರ ನೋಡುತ್ತೇನೆ, ಅಕ್ಷರದ ಮೇಲೆಲ್ಲ ಕೆಸರು ಮೆತ್ತಿದೆ.

"ಏನಿದು ಖಾಜಾಭಾಯಿ?"

"ರಸ್ತೆದಾಗ ಕೆಸರ್ ಇತ್ರಿ ಬಾಯಾರ."

ಅದು ಏಪ್ರಿಲ್ ತಿಂಗಳು. ಆಳಂದದ ರಸ್ತೆಯಲ್ಲಿ ಧೂಳು ಬಿಟ್ಟರೆ ಇನ್ನೇನೂ ಇರಲಿಲ್ಲ. ಆದರೆ ಆ ದಿನ ಐದು ಜನ ಬಂದರು. ಮೇಲಧಿಕಾರಿಗಳು ಎರಡು ಸಲ ಗಾಡಿ ತೊಳೆಸಿದರು. ಖಾಜಾಭಾಯಿಗೆ ಮಾತ್ರ ಬೇಸಗೆ ಇರಲಿ, ಚಳಿ ಇರಲಿ, ಎಲ್ಲೋ ಒಂದಿಷ್ಟು ಕೆಸರು ಸಿಕ್ಕೇ ಸಿಗುತ್ತಿತ್ತು.

ನಮ್ಮ ಸಾಹೇಬರು ಮಂಡ್ಯ ಕಡೆಯವರು. ವಿದ್ಯೆಯಲ್ಲಿ ಹುಲಿ, ನಮ್ಮ ಭಾಷೆಯಲ್ಲಿ ಕೂಸು. ಮೊದಮೊದಲು ಪುಸ್ತಕದಲ್ಲಿದ್ದ ಪ್ರಶ್ನೆಯನ್ನು ಹಾಗೇ ಕೇಳುತ್ತಿದ್ದರು. "ನಿಮಗೆ ಖಿನ್ನತೆ ಇದೆಯಾ?" ಎಂದರೆ ಒಬ್ಬ ಅಜ್ಜ, "ಇಲ್ರಿ ಸಾಹೇಬ್ರ, ಎರಡು ಎಕರೆ ತೊಗರಿ ಅಷ್ಟ ಅದ" ಎಂದ. ಆಮೇಲೆ ನಾನು ಅವರಿಗೊಂದು ಪಟ್ಟಿ ಬರೆದು ಕೊಟ್ಟೆ. ಜೀವ ಬ್ಯಾಸರಾಗೇದ, ಎದಿ ಝಲ್ ಅಂತದ, ತಲ್ಯಾಗ ಹುಳ ಹರದಂಗ ಆಗ್ತದ, ಮೈಯಾಗ ಕಸುವಿಲ್ಲ. ಇವೆಲ್ಲದರ ಹಿಂದೆ ನಿಮ್ಮ ಆ ದೊಡ್ಡ ಶಬ್ದ ಅಡಗಿ ಕೂತಿರಬಹುದು ಎಂದೆ. ಅವರು ಆ ಪಟ್ಟಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡು, ಪರೀಕ್ಷೆಗೆ ಓದುವವರ ಹಾಗೆ ಓದಿದರು.

ಸಾಹೇಬರನ್ನು ನೋಡಿ ನಕ್ಕೆ, ನನ್ನ ತಪ್ಪೂ ಹೇಳಬೇಕಲ್ಲ. ಜೇವರ್ಗಿಯಲ್ಲಿ ಒಬ್ಬ ಅಮ್ಮನಿಗೆ, "ಊಟ ಆದ ಮ್ಯಾಲೆ ಒಂದು ಗುಳಗಿ ತಗೋಬೇಕು" ಎಂದು ಮೂರು ಸಲ ಹೇಳಿ ಕಳಿಸಿದ್ದೆ. ಎರಡು ವಾರ ಬಿಟ್ಟು ಬಂದಳು, ಗುಣದ ಸುಳಿವಿಲ್ಲ. ಗುಳಿಗೆ ಕೊಟ್ಟಷ್ಟೂ ಹಾಗೇ ಇವೆ.

"ಯಾಕವ್ವಾ, ತಗೋಲಿಲ್ಲ?"

"ಊಟ ಆದ ಮ್ಯಾಲೆ ಅಂದಿದ್ರಿ. ನನಗ ಊಟಾನೇ ಹೋಗವಲ್ದು. ಅದಕ್ಕ ಗುಳಗೀನೂ ತಗೊಂಡಿಲ್ರಿ."

ಊಟ ಸೇರದ ರೋಗಕ್ಕೆ ಊಟವಾದ ಮೇಲೆ ಔಷಧಿ! ಅಂದಿನಿಂದ ನಾನು, "ದಿನಾ ತಪ್ಪದಂಗ ಏನು ಮಾಡ್ತಿ?" ಎಂದು ಮೊದಲು ಕೇಳಲು ಕಲಿತೆ. ಆ ಅಮ್ಮ ಸ್ವಲ್ಪ ಯೋಚಿಸಿ, "ಸೊಸಿಗಿ ಬೈತೇನ್ರಿ" ಎಂದಳು. "ಹಂಗಾದ್ರ ಬೈಯೋದಕ್ಕ ಮೊದಲ ಒಂದು ಗುಳಗಿ" ಎಂದೆ. ಒಂದು ದಿನವೂ ತಪ್ಪಲಿಲ್ಲ.

ಈಗ ಮಣ್ಣೂರಿನ ಭಾಗಮ್ಮನ ಸಂಗತಿಗೆ ಬರುತ್ತೇನೆ. ನನ್ನ ನೌಕರಿಯಲ್ಲಿ ನಾನು ಮಾಡಿದ ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ. ನೀವೂ ಮಾಡಬಾರದು ಎಂದೇ ಬರೆಯಲು ಕೂತದ್ದು.

ಭಾಗಮ್ಮನಿಗೆ ಮೂವತ್ತರ ಆಸುಪಾಸು. ತಲೆ ನೀಟಾಗಿ ಬಾಚಿದ್ದ, ಬಳೆಯ ಸಂದಿಯಲ್ಲಿ ಜೋಳದ ಹಿಟ್ಟು ಹಾಗೇ ಉಳಿದಿದ್ದ ಹೆಂಗಸು. ಊರಲ್ಲಿ ಗಂಗಾಬಾಯಿ ಎಂಬಾಕೆ ನಡೆಸುವ ರೊಟ್ಟಿ ಕೇಂದ್ರದಲ್ಲಿ ರೊಟ್ಟಿ ಬಡಿಯುವ ಕೆಲಸ. ಆ ರೊಟ್ಟಿ ಸೋಲಾಪುರದ ಖಾನಾವಳಿಗಳಿಗೆ ಹೋಗುತ್ತಿತ್ತು. ಬಡಿದ ದಿನ ಕೂಲಿ, ಬಡಿಯದ ದಿನ ಇಲ್ಲ. ಗಂಡ ಹಣಮಂತ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿಗೆ ಕಬ್ಬು ಹೇರುವ ಆಳು, ಬಾಗಿಲು ತುಂಬುವಂಥ ಮೈಕಟ್ಟು. ಒಂದು ದಿನ ಅವಳು ಅವನನ್ನು ಅಫಜಲಪುರದ ನಮ್ಮ ಕೋಣೆಗೆ ಕೈ ಹಿಡಿದು ಕರೆತಂದು ಸ್ಟೂಲಿನ ಮೇಲೆ ಕೂರಿಸಿದಳು.

"ಏನಪ್ಪಾ, ಏನು ತೊಂದರೆ?" ಸಾಹೇಬರು ಕೇಳಿದರು.

ಹಣಮಂತ ನೆಲ ನೋಡುತ್ತ ಕೂತ. ತುಟಿ ಬಿಚ್ಚಲಿಲ್ಲ.

"ಅವರು ಮಾತಾಡಂಗಿಲ್ರಿ," ಭಾಗಮ್ಮ ಹೇಳಿದಳು. "ನಸುಕಿನಾಗ ಮೂರಕ್ಕ ಎಚ್ಚರ ಆಗಿಬಿಡ್ತದ್ರಿ. ಆಮ್ಯಾಲೆ ಕಣ್ಣು ಮುಚ್ಚಂಗಿಲ್ಲ. ರೊಟ್ಟಿ ಬಾಯಾಗ ಇಟ್ರ ಮಣ್ಣು ತಿಂದಂಗ. ಮಗಳು ಬಂದು ತೊಡಿ ಮ್ಯಾಲೆ ಕೂತ್ರ ಎದ್ಯಾಗ ಏನೂ ಆಗಂಗಿಲ್ರಿ. ಯಾರದೋ ಕೂಸು ಅನಿಸ್ತದ. ಹಾಸಿಗಿ ಬಿಟ್ಟು ಏಳೋದು ಅಂದ್ರ ಗುಡ್ಡ ಎತ್ತಿದಂಗ."

ಸಾಹೇಬರು ಬರೆದದ್ದೇ ಬರೆದದ್ದು. ನನ್ನ ಕಡೆ ಬಾಗಿ, "ಸಿಸ್ಟರ್, ಗಂಡನ ಮನಸ್ಸನ್ನ ಇಷ್ಟು ಚೆನ್ನಾಗಿ ಓದಿರೋ ಹೆಂಡತೀನ ನಾನು ಇದುವರೆಗೂ ನೋಡಿಲ್ಲ" ಎಂದರು. ನನಗೂ ಹಾಗೇ ಅನಿಸಿತು.

ಆಮೇಲೆ ಅವರು ಹಣಮಂತನತ್ತ ತಿರುಗಿ ಮೆಲ್ಲಗೆ, "ಬದುಕೇ ಬೇಡ ಅನ್ನಿಸುತ್ತಾ?" ಎಂದು ಕೇಳಿದರು. ಹಣಮಂತ ಹೆಂಡತಿಯ ಮುಖ ನೋಡಿದ. ಅವಳು ಸೆರಗಿನ ತುದಿ ನೋಡುತ್ತ, "ಒಮ್ಮೊಮ್ಮೆ ಅನಿಸ್ತದ್ರಿ" ಎಂದಳು. ಹಣಮಂತ ಹೌದೆಂಬಂತೆ ತಲೆಯಾಡಿಸಿ, ತಟ್ಟನೆ ಎದ್ದು, ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದ. ಪಾಪ, ದುಃಖ ಒತ್ತರಿಸಿ ಬಂತು ಎಂದುಕೊಂಡು ನನ್ನ ಕಣ್ಣಲ್ಲೂ ನೀರು.

ಅವನು ಬಾಯಿ ಒರೆಸಿಕೊಂಡು ಒಳಗೆ ಬಂದ ಮೇಲೆ ಬಿ.ಪಿ. ನೋಡಿದೆ, ಎತ್ತಿನಂಥ ಬಿ.ಪಿ. ಮನಸ್ಸಿನ ರೋಗ ಮೈಯಲ್ಲಿ ಕಾಣಲೇಬೇಕೆಂದಿಲ್ಲ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಹಣಮಂತನ ಹೆಸರಿನಲ್ಲಿ ಫೈಲು ತೆರೆದೆವು, ಪುಕ್ಕಟೆ ಗುಳಿಗೆಯನ್ನು ಭಾಗಮ್ಮನ ಕೈಗೆ ಕೊಟ್ಟೆವು. ಅದಕ್ಕೆ ಮೊದಲು ಅವಳು ಸೋಲಾಪುರದ ಒಬ್ಬ ಖಾಸಗಿ ಡಾಕ್ಟರ ಬಾಗಿಲಿಗೆ ಹೋಗಿದ್ದಳಂತೆ. ಫೀಸು ಎಷ್ಟೆಂದು ಕೇಳಿ, ಬಾಕಿನ ಮೇಲೆ ಕೂರದೆ ವಾಪಸು ಬಂದಳಂತೆ.

ಮುಂದಿನ ಸಲದಿಂದ ಭಾಗಮ್ಮ ಒಬ್ಬಳೇ ಬರತೊಡಗಿದಳು. ಗಂಡ ಎಲ್ಲಿ ಎಂದರೆ, "ನನಗ ಬಸ್ ಪುಕ್ಕಟ ಅದ್ರಿ, ಅವರಿಗೆ ತಿಕೀಟ್ ಬೀಳ್ತದ" ಎನ್ನುವಳು. ಈ ಮಾತಿಗೆ ಎದುರಾಡುವುದು ಹೇಗೆ? ಸಾಹೇಬರು ಪ್ರತಿ ಸಲ, "ಮುಂದಿನ ಸಲ ಕರ್ಕೊಂಡು ಬರ್ಲೇಬೇಕು" ಎನ್ನುವರು. ಪ್ರತಿ ಸಲ ಅವಳು, "ಹೌದ್ರಿ" ಎನ್ನುವಳು. ವರದಿ ಮಾತ್ರ ಅಚ್ಚುಕಟ್ಟು. ಬಾಯಿ ಒಣಗುತ್ತದೆ, ಈಗ ಐದು ತಾಸು ನಿದ್ದೆ, ಮೊನ್ನೆ ಮಗಳ ಜಡೆ ಹಾಕುವಾಗ ನಗು ಬಂತು.

ಕಬ್ಬು ಹೇರುವವನು ಮಗಳ ಜಡೆ ಹಾಕುತ್ತಾನೆಯೇ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಅದರ ಬದಲು ಫೈಲಿನಲ್ಲಿ ಹೀಗೆ ಬರೆದೆ: "ರೋಗಿಯು ಸುಧಾರಿಸಿದ್ದರಿಂದ ಪತ್ನಿಯ ಮುಖದಲ್ಲೂ ಕಳೆ ಬಂದಿದೆ." ತಂಗಿಯರೇ, ಈ ವಾಕ್ಯವನ್ನು ನಾನು ಹೆಮ್ಮೆಯಿಂದ ಬರೆದಿದ್ದೆ.

ಅಷ್ಟರಲ್ಲಿ ದವಾಖಾನೆಯಲ್ಲಿ ಆ ಗುಳಿಗೆ ಖಾಲಿಯಾಯಿತು. ಒಂದು ಸಲ ಇಲ್ಲ, ಮುಂದಿನ ಸಲವೂ ಇಲ್ಲ. ಸಾಹೇಬರು ಹೊರಗೆ ಕೊಳ್ಳಲು ಚೀಟಿ ಬರೆದರು. ಭಾಗಮ್ಮ ಎಷ್ಟಾಗುತ್ತದೆ ಎಂದು ಕೇಳಿದಳು, ನಾನು ಹೇಳಿದೆ. ಅವಳು ಆ ಚೀಟಿಯನ್ನು ಎರಡು ಮಡಿಕೆ ಮಾಡಿದಳು, ನಾಲ್ಕು ಮಾಡಿದಳು, ಇನ್ನು ಮಡಿಚಲು ಬಾರದಷ್ಟು ಸಣ್ಣದು ಮಾಡಿ ಮುಷ್ಟಿಯಲ್ಲಿಟ್ಟುಕೊಂಡು ಹೋದಳು. ಮತ್ತೆ ಬರಲಿಲ್ಲ. ಮೂರು ವಾರ ಕಾದೆ. ನಾಲ್ಕನೆಯ ವಾರ ಬೆಳಗಿನ ರೋಗಿಗಳು ಮುಗಿದ ಮೇಲೆ, "ಖಾಜಾಭಾಯಿ, ಮಣ್ಣೂರಿಗೆ ನಡೀರಿ. ಹಣಮಂತ ಹೆಂಗ ಅದಾನೋ ಏನೋ" ಎಂದೆ.

ಹಣಮಂತ ಬಹಳ ಚೆನ್ನಾಗಿದ್ದ. ಊರ ಕಟ್ಟೆಯ ಮೇಲೆ ನಾಲ್ಕು ಮಂದಿಯ ನಡುವೆ ಕೂತು, ಯಾರದೋ ಎತ್ತು ಹಗ್ಗ ಕಿತ್ತು ಓಡಿದ್ದನ್ನು ಕೈಕಾಲು ಆಡಿಸಿ ಹೇಳುತ್ತಿದ್ದ. ಕೂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಆನಂದವೋ ಆನಂದ. ಖಾಜಾಭಾಯಿ ಸ್ಟಿಯರಿಂಗ್ ಮೇಲೆ ಗದ್ದ ಊರಿ, "ಬಾಯಾರ, ಈ ಪೇಶಂಟ್ ನಮ್ಮಿಬ್ಬರಿಗಿಂತ ಮಸ್ತ್ ಅದಾನ್ರಿ" ಎಂದ.

ಅವನನ್ನು ಪಕ್ಕಕ್ಕೆ ಕರೆದು, "ಹಣಮಂತಪ್ಪ, ತಬಿಯತ್ತು ಹೆಂಗದ? ಗುಳಗಿ ಬಿಟ್ಟು ಎಷ್ಟು ದಿನ ಆತು?" ಎಂದೆ.

"ಯಾವ ಗುಳಗಿರಿ?"

"ನಿನಗ ಕೊಟ್ಟಿದ್ದು. ಬ್ಯಾಸರಕ್ಕ."

"ನನಗ್ಯಾತರ ಬ್ಯಾಸರ್ರಿ?" ಅವನು ನನ್ನನ್ನೇ ಕನಿಕರದಿಂದ ನೋಡಿದ. "ಆವತ್ತು ಲೇಬರ್ ಕಾರ್ಡಿಗೆ ಡಾಕ್ಟರ್ ಸಹಿ ಬೇಕಂತ, ಬಾಯಿ ಬಿಚ್ಚದಂಗ ಕೂಡು, ನಾ ಏನರ ಅಂದ್ರ ಖರೇ ಅಂತ ತಲಿ ಆಡಿಸು ಅಂತ ನನ್ನ ಹೆಣ್ತಿ ಕರಕೊಂಡು ಬಂದಿದ್ಳು. ಬಾಯಿ ತುಂಬ ತಂಬಾಕ ಇತ್ತು, ಹೆಂಗರ ಬಿಚ್ಚಲಿ? ಕಡೀಕ ತಡಿಲಾರದೆ ಹೊರಗ ಓಡಿದೆ. ಆ ಕಾರ್ಡು ಇನ್ನಾ ಬಂದಿಲ್ರಿ. ನೀವರ ಸ್ವಲ್ಪ ನೋಡ್ರಿ."

ನಸುಕಿನ ಎಚ್ಚರ, ಮಣ್ಣಿನಂಥ ರೊಟ್ಟಿ, ಯಾರದೋ ಕೂಸು ಅನಿಸಿದ ಮಗಳು, "ಒಮ್ಮೊಮ್ಮೆ ಅನಿಸ್ತದ್ರಿ" ಎಂದದ್ದು. ಎಲ್ಲ ಮಾತೂ ಒಂದೇ ಏಟಿಗೆ ತಿರುಗಿ ನಿಂತವು.

"ಭಾಗಮ್ಮ ಎಲ್ಲಿ?"

"ಮನ್ಯಾಗ ಮಲಗ್ಯಾಳ್ರಿ. ಎಂಟು ದಿನ ಆತು, ಕೆಲಸಕ್ಕ ಹೋಗಿಲ್ಲ. ನಮ್ಮವ್ವ ಮೈಗಳ್ಳಿ ಅಂತ ಬೈಯಾಕತ್ತಾಳ."

ಅವಳು ಒಳಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಮಟಮಟ ಮಧ್ಯಾಹ್ನ. ನೀಟಾಗಿ ಬಾಚಿರುತ್ತಿದ್ದ ತಲೆ ಜಡೆಗಟ್ಟಿತ್ತು. ನಾನು ನೆಲದ ಮೇಲೆ ಕೂತು ಬೆನ್ನ ಮೇಲೆ ಕೈ ಇಟ್ಟೆ.

"ಭಾಗಮ್ಮ, ಹಣಮಂತನ ಜೋಡಿ ಮಾತಾಡಿ ಬಂದೀನಿ."

ತಿರುಗದೆಯೇ ಕೇಳಿದಳು: "ಬೈತೀರೇನ್ರಿ?"

"ಇಲ್ಲ. ಗುಳಗಿ ನೀನ ತಗೊಂತಿದ್ದೇನು?"

"ಹೌದ್ರಿ."

"ನಿನ್ನ ಹೆಸರಲೇ ಯಾಕ ತಗೋಲಿಲ್ಲ?"

ಆಗ ತಿರುಗಿದಳು. "ಗಂಡಸರಿಗಿ ಬ್ಯಾಸರಾದ್ರ ದವಾಖಾನಿಗೆ ಒಯ್ತಾರ. ನಮಗಾದ್ರ ಮೈಗಳ್ಳಿ ಅಂತಾರ. ಇನ್ನ ಗಂಗಾಬಾಯಿ ಕಿವಿಗಿ ಬಿದ್ರ? ತಲಿ ಕೆಟ್ಟಾಕಿ ಬಡಿದ ರೊಟ್ಟಿ ಯಾರು ತಿಂತಾರ್ರಿ? ನಾಳಿಂದ ಬರಬ್ಯಾಡ ಅಂತಾಳ. ಹಂಗಾಮು ಮುಗದಂದ್ರ ಇವರಿಗಿ ಕೆಲಸಿಲ್ಲ. ನನ್ನ ಕೂಲಿ ಮ್ಯಾಲೇ ಒಲಿ ಉರಿಬೇಕು." ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು, "ಗುಳಗಿ ತಗೊಂಡಾಗ ಛಲೋ ಆಗಿತ್ರಿ. ಚೀಟಿ ಬರದು ಕೊಟ್ರಲ್ಲ, ಅದು ಆಗಲಿಲ್ಲ. ಈಗ ಮದ್ಲಿಗಿಂತ ಕತ್ತಲ ಆಗ್ಯದ."

ಅವಳೆದುರು ಅಳಬಾರದೆಂದು ಗಟ್ಟಿಯಾಗಿ ಕೂತೆ. ನೇರವಾಗಿ ಕೇಳಿದೆ: "ಜೀವ ಕಳಕೋಬೇಕು ಅನಿಸಾಕತ್ತದೇನು?" ಕೇಳಲು ಹೆದರಬೇಡಿ ತಂಗಿಯರೇ. ಕೇಳಿದರೆ ಆ ಯೋಚನೆ ಬರುತ್ತದೆ ಎನ್ನುವುದು ಸುಳ್ಳು. ಕೇಳಿದರೆ ಅವರ ಎದೆಯ ಮೇಲಿನ ಒಂದು ಕಲ್ಲಾದರೂ ಇಳಿಯುತ್ತದೆ. ಅವಳು ಹೌದೆಂದು ತಲೆಯಾಡಿಸಿ, ನನ್ನ ಕೈ ಹಿಡಿದುಕೊಂಡಳು.

ಆ ಹೊತ್ತಿಗೇ ಜೀಪಿನಲ್ಲಿ ಅಫಜಲಪುರಕ್ಕೆ. ಬಾಗಿಲಲ್ಲಿ ನಿಂತಿದ್ದ ಅತ್ತೆಗೆ, "ಇಕಿಗಿ ರಕ್ತ ಕಡಿಮಿ ಆಗ್ಯದ, ಬಾಟ್ಲಿ ಹಚ್ಚಿಸಿಕೊಂಡು ಬರ್ತೇವಿ" ಎಂದೆ. ಸಾಹೇಬರಿಗೆ ವಿಷಯ ಹೇಳಿದಾಗ ಮೊದಲು ಸಿಟ್ಟು ಬಂತು. ನೋಡದ ಮೈಗೆ ಔಷಧಿ ಕೊಟ್ಟಿದ್ದೇವೆ, ಅವಳು ಬಸುರಿಯಾಗಿದ್ದರೆ, ಬೇರೆ ಗುಳಿಗೆ ತಗೊಳ್ಳುತ್ತಿದ್ದರೆ ಎಂದು ನನ್ನ ಮೇಲೆ ಕೂಗಾಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವಳು ಹೇಳಿದ್ದನ್ನೆಲ್ಲಾ ಬರ್ಕೊಂಡೆ ಸಿಸ್ಟರ್. 'ನೀವು ಹೇಗಿದ್ದೀರಮ್ಮಾ' ಅಂತ ಒಂದು ಸಲಾನೂ ಕೇಳ್ಲಿಲ್ಲ."

ಅಂದಿನಿಂದ ನಮ್ಮ ಪದ್ಧತಿ ಬದಲಾಯಿತು. ರೋಗಿಯ ಜೊತೆ ಬಂದವರನ್ನೂ ಬೇರೆಯಾಗಿ ಕೂರಿಸಿ ಮಾತಾಡಿಸುವುದು. ಚೀಟಿ ಬರೆಯುವ ಮೊದಲು ನಾನು ಹೋಗಿ ಔಷಧಿಯ ಕಪಾಟು ನೋಡಿ ಬರುವುದು. ಇಲ್ಲದ ಔಷಧಿಯನ್ನು ಬರೆಯುವುದಕ್ಕಿಂತ, ಸದಾ ಇರುವ ಹಳೆಯ ಔಷಧಿ ಹೊಂದುತ್ತದೆಯೇ ಎಂದು ಸಾಹೇಬರು ಯೋಚಿಸುವುದು. ಭಾಗಮ್ಮನಿಗೂ ಹಾಗೇ ಪರೀಕ್ಷೆ ಎಲ್ಲ ಮಾಡಿ, ಅವಳದೇ ಹೆಸರಿನಲ್ಲಿ ಬೇರೆ ಗುಳಿಗೆ ಬರೆದರು. ಅಫಜಲಪುರದಲ್ಲಿ ಅಂದು ಉಳಿದದ್ದು ನಾಲ್ಕು ದಿನದ್ದಷ್ಟೇ, ಮೊದಲ ತಿಂಗಳಿಗಾಗುವಷ್ಟನ್ನು ಜೇವರ್ಗಿಯ ಕಪಾಟಿನಿಂದ ಕಾಡಿಬೇಡಿ ತಂದೆ. ಅಲ್ಲಿನ ಔಷಧಿ ಕೊಡುವವರು, "ಬಾಯಾರ, ಇದು ಕಾನೂನಿನಾಗ ಇಲ್ರಿ" ಎಂದರು. "ನಾನೂ ಇಲ್ರಿ" ಎಂದೆ. ನಕ್ಕು ಕೊಟ್ಟರು.

ಗಂಡನಿಗೆ ಹೇಳಬೇಕೋ ಬೇಡವೋ ಎಂದು ಭಾಗಮ್ಮನನ್ನೇ ಕೇಳಿದೆವು. ಅವನಿಗಷ್ಟೇ ಹೇಳಿರಿ ಎಂದಳು. ಹಣಮಂತ ಸಾಹೇಬರೆದುರು ಅದೇ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಕೇಳಿದ.

"ನಾ ಹುಚ್ಚ ಅಂತ ಕಾಗದದಾಗ ಬರದೀರಿ?"

"ಹುಚ್ಚ ಅಲ್ಲಪಾ, ಮನಸು ಕುಗ್ಗೇದ ಅಂತ" ಎಂದೆ.

"ನಂದು?" ಎಂದು ದೊಡ್ಡದಾಗಿ ನಕ್ಕ. ನಗುತ್ತ ನಗುತ್ತಲೇ ಅವನ ಮುಖ ಕೆಟ್ಟಿತು. "ಮಗ್ಗಲದಾಗ ಮಲಗ್ತೇನಿ ಬಾಯಾರ. ಮೂರಕ್ಕ ಎಚ್ಚರ ಇರ್ತಾಳ ಅಂತ ನನಗ ಗೊತ್ತೇ ಇಲ್ಲ. ಈಗ ನಾ ಏನು ಮಾಡಬೇಕ್ರಿ?"

"ಗುಳಗಿ ನೀನ ಇಟ್ಕೋ, ದಿನಾ ನೀನ ಕೊಡು. ಸದ್ಯ ಆಕೀನ್ನ ಒಬ್ಬಾಕೀನ್ನ ಬಿಡಬ್ಯಾಡ. ನಿಮ್ಮವ್ವ ಬೈದ್ರ ನಡುವ ನಿಂದ್ರು."

ಅವನು ಮೂರೂ ಮಾಡಿದ. ನಡುವೆ ನಿಲ್ಲುವ ಕೆಲಸವೇ ಕಬ್ಬು ಹೇರುವುದಕ್ಕಿಂತ ಕಷ್ಟ ಎಂದು ಆಮೇಲೆ ಹೇಳಿದ.

ಉಳಿದದ್ದು ಗಂಗಾಬಾಯಿ. ಇಲ್ಲಿ ನಾನೊಂದು ಆಟ ಆಡಿದೆ. ರೊಟ್ಟಿ ಬಡಿಯುವ ಹೆಂಗಸರಿಗೆಲ್ಲ ಬಿ.ಪಿ., ರಕ್ತ ತಪಾಸಣೆ ಎಂದು ರೊಟ್ಟಿ ಕೇಂದ್ರದ ತಗಡಿನ ಶೆಡ್ಡಿಗೇ ಹೋಗಿ ಕೂತೆ. ಒಬ್ಬೊಬ್ಬರನ್ನೇ ಕರೆದು ತೋಳಿಗೆ ಪಟ್ಟಿ ಸುತ್ತುತ್ತ, ನಿದ್ದೆ ಹೇಗೆ, ಊಟ ಹೇಗೆ, ಜೀವ ಹೇಗಿದೆ ಎಂದು ಎಲ್ಲರನ್ನೂ ಕೇಳಿದೆ. ಭಾಗಮ್ಮನಂತೆಯೇ ಸುಮ್ಮನೆ ನರಳುತ್ತಿದ್ದ ಇನ್ನೊಬ್ಬಳು ಅಲ್ಲೇ ಸಿಕ್ಕಳು. ಗಂಗಾಬಾಯಿಯ ಬಿ.ಪಿ. ಎಷ್ಟಿತ್ತೆಂದರೆ ನಾನು ಯಂತ್ರ ಕೆಟ್ಟಿದೆ ಎಂದುಕೊಂಡು ಮತ್ತೊಮ್ಮೆ ನೋಡಿದೆ.

ಅಂದಿನಿಂದ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ ಎಲ್ಲರಿಗೂ ಒಂದೊಂದು ಬಿಳಿ ಕಾಗದದ ಪಾಕೀಟು ಹಂಚುತ್ತಿದ್ದೆ. ಕೆಲವರಿಗೆ ರಕ್ತದ ಗುಳಿಗೆ, ಗಂಗಾಬಾಯಿಗೆ ಬಿ.ಪಿ. ಗುಳಿಗೆ, ಭಾಗಮ್ಮನಿಗೆ ಅವಳದು, ಸಂಜೆ ಅದು ಹಣಮಂತನ ಕೈ ಸೇರುತ್ತಿತ್ತು. ಯಾರ ಪಾಕೀಟಿನಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಗುಳಿಗೆ ತರಲೆಂದು ಭಾಗಮ್ಮನ ಒಂದು ದಿನದ ಕೂಲಿಯೂ ತಪ್ಪಲಿಲ್ಲ. ರೋಗಿಯ ಗುಟ್ಟು ಕಾಯುವುದು ನಮ್ಮ ಕೆಲಸ ಎಂದು ತರಬೇತಿಯಲ್ಲಿ ಕಲಿಸುತ್ತಾರೆ. ಹೇಗೆ ಎಂಬುದನ್ನು ನೀವೇ ಹುಡುಕಿಕೊಳ್ಳಬೇಕು.

ಗುಣವಾಗುವುದು ಕಥೆಗಳಲ್ಲಿ ಬರುವಂತೆ ಒಂದೇ ದಿನಕ್ಕೆ ಆಗಲಿಲ್ಲ. ಮೊದಲ ಎರಡು ವಾರ ಬರೀ ವಾಂತಿ, ತಲೆನೋವು. ಮೂರನೆಯ ವಾರ ಎದ್ದು ಸ್ನಾನ ಮಾಡಿದಳು. ತಿಂಗಳ ಮೇಲೆ ಅರ್ಧ ದಿನ ರೊಟ್ಟಿ ಬಡಿದಳು. ನಡುವೆ ಒಮ್ಮೆ, ಛಲೋ ಆಗಿದ್ದೇನೆಂದು ಹಣಮಂತನ ಕಣ್ಣು ತಪ್ಪಿಸಿ ತಾನೇ ಗುಳಿಗೆ ಬಿಟ್ಟು ಮತ್ತೆ ಕುಸಿದಳು. ಹಣಮಂತ ತಿಕೀಟಿನ ದುಡ್ಡು ಕೊಟ್ಟು ಅದೇ ದಿನ ಬಸ್ಸಿನಲ್ಲಿ ಕರೆದುಕೊಂಡು ಬಂದ. ಹೀಗೆ ಏಳುತ್ತ ಬೀಳುತ್ತ ಒಂದು ವರ್ಷದ ಮೇಲಾಯಿತು. ಆಗ ಸಾಹೇಬರು ಗುಳಿಗೆಯನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತ ಬಂದರು. ಕಡೆಯ ತಪಾಸಣೆಗೆ ಸಾಹೇಬರೆದುರು ಬರಲೇಬೇಕು ಎಂದು ಒಂದು ದಿನ ಗೊತ್ತು ಮಾಡಿದ್ದೆವು.

ಆ ದಿನ ಭಾಗಮ್ಮ ಬರಲಿಲ್ಲ.

ಸಂಜೆ ನಾಲ್ಕರವರೆಗೆ ಕಾದೆ. ಸಾಹೇಬರು ಗಡಿಯಾರ ನೋಡುತ್ತಿದ್ದರು. ಖಾಜಾಭಾಯಿ ಕೇಳದೆಯೇ ಜೀಪು ತಿರುಗಿಸಿ ನಿಲ್ಲಿಸಿದ್ದ. ಮಣ್ಣೂರಿನ ದಾರಿಯುದ್ದಕ್ಕೂ ಕರಜಗಿಯ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ. ಸದಾ ಹರಟುವ ಖಾಜಾಭಾಯಿ ಹಾರ್ನಿನ ಮೇಲಿಂದ ಕೈ ತೆಗೆಯಲಿಲ್ಲ. ನಾನು ಏನೇನು ಯೋಚಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಊರೊಳಗೆ ಹೊಕ್ಕಾಗ ರೊಟ್ಟಿ ಕೇಂದ್ರದ ಮುಂದೆ ಜನ ಸೇರಿದ್ದರು. ಜೀಪು ನಿಲ್ಲುವ ಮೊದಲೇ ಇಳಿದು, ಜನರನ್ನು ಸರಿಸಿ ಒಳಗೆ ನುಗ್ಗಿದೆ.

ಶೆಡ್ಡಿನ ನಡುವೆ ಭಾಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ಎದುರಿಗೆ ಗಂಗಾಬಾಯಿ, ಹಿಂದೆ ಉಳಿದ ಹೆಂಗಸರು. ಭಾಗಮ್ಮನ ಒಂದು ಕೈಯಲ್ಲಿ ಹರಿದ ರೊಟ್ಟಿ, ಇನ್ನೊಂದು ಕೈಯಲ್ಲಿ ಒಂದು ಮುಷ್ಟಿ ಹಿಟ್ಟು.

"ಈ ಹಿಟ್ಟಿಗಿ ಜಿಗಿ ಎಲ್ಲದ? ಹ್ವಾದ ವರ್ಷದ ಹುಳ ಹತ್ತಿದ ಜ್ವಾಳ ಬೀಸಿಸಿ ತರ್ತಿ, ರೊಟ್ಟಿ ಹರದ್ರ ನಮ್ಮ ಕೈ ಸರಿ ಇಲ್ಲ ಅಂತಿ! ಹರದಿದ್ದಕ್ಕ ಕೂಲಿ ಹಿಡಿತಿ! ಇವರ್ಯಾರೂ ಬಾಯಿ ಬಿಡಂಗಿಲ್ಲ ಅಂತ ತಿಳದಿಯೇನು? ನಾ ಬಿಡ್ತೇನಿ!"

ಗಂಗಾಬಾಯಿ ಏನೋ ಹೇಳಲು ಬಾಯಿ ತೆರೆದಳು. ಭಾಗಮ್ಮ ಆ ಹಿಟ್ಟನ್ನು ಅವಳ ಮೂಗಿನ ಹತ್ತಿರ ಹಿಡಿದಳು. ಅಷ್ಟರಲ್ಲಿ ನಾನು ಕಣ್ಣಿಗೆ ಬಿದ್ದೆ.

"ಅಯ್ಯ ಬಾಯಾರ! ಇವತ್ತು ಬರಬೇಕಾಗಿತ್ತಲ್ರಿ, ಮರತೇ ಬಿಟ್ಟೆ! ಸ್ವಲ್ಪ ಕೂಡ್ರಿ, ಇದನ್ನಷ್ಟು ಮುಗಿಸಿ ಬರ್ತೇನಿ."

ನಾನು ಬಾಗಿಲ ಹತ್ತಿರದ ಹಿಟ್ಟಿನ ಚೀಲದ ಮೇಲೆ ಕೂತೆ. ಹಿಂದಿನಿಂದ ಖಾಜಾಭಾಯಿ ಬಗ್ಗಿ, "ಬಿಡಿಸಬೇಕೇನ್ರಿ ಬಾಯಾರ?" ಎಂದು ಪಿಸುಗುಟ್ಟಿದ.

"ಬ್ಯಾಡ," ಎಂದೆ. "ಬೈಲಿ."